ಕೈರೋ ರಸ್ತೆ: ಮೊದಲು ನಡೆಯಿರಿ, ಆಮೇಲೆ ಕೂರಿ, ಕೊನೆಗೆ ಓಡಿಸಿ

ಕೆಲಸಕ್ಕೆಂದು ಕೈರೋಗೆ ಹೊರಟವರು ಫೋನ್ ಮಾಡಿದಾಗ ಮೊದಲು ಕೇಳುವುದು ಬಾಡಿಗೆ ಮನೆಯ ಬಗ್ಗೆ, ಆಮೇಲೆ ಮಕ್ಕಳ ಶಾಲೆಯ ಬಗ್ಗೆ. ರಸ್ತೆಯ ವಿಷಯ ಯಾರೂ ಎತ್ತುವುದಿಲ್ಲ. ಬಂದಿಳಿದು, ವಿಮಾನ ನಿಲ್ದಾಣದಿಂದ ಸಲಾಹ್ ಸಾಲೆಮ್ ರಸ್ತೆ ಹಿಡಿದು ಮನೆ ಸೇರಿದ ರಾತ್ರಿಯೇ ಮತ್ತೆ ಫೋನ್ ಬರುತ್ತದೆ. ‘ಸಾರ್, ಇಲ್ಲಿ ಗಾಡಿ ಓಡಿಸೋದು ಹೇಗೆ?’

ನನ್ನ ಉತ್ತರ ಪ್ರತಿಸಲವೂ ಒಂದೇ: ‘ಇನ್ನೆರಡು ತಿಂಗಳು ಓಡಿಸಬೇಡಿ.’ ಹಾಗೆ ಹೇಳುವುದು ಹೆದರಿಸುವುದಕ್ಕಲ್ಲ. ಮೊದಲ ನೋಟಕ್ಕೆ ಬರೀ ಗದ್ದಲವೆನಿಸುವ ಈ ರಸ್ತೆಗಳಲ್ಲಿ ಹಾರ್ನ್, ದೀಪ, ಬೆರಳುಗಳ ಒಂದು ಭಾಷೆ ನಡೆಯುತ್ತಿರುತ್ತದೆ. ಅದನ್ನು ಸ್ಟೀರಿಂಗ್ ಹಿಡಿದುಕೊಂಡು ಕಲಿಯಲು ಆಗುವುದಿಲ್ಲ. ಕಾಲ್ನಡಿಗೆಯಲ್ಲಿ ಕಲಿಯಬೇಕು, ಪಕ್ಕದ ಸೀಟಿನಲ್ಲಿ ಕೂತು ಕಲಿಯಬೇಕು. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ಈ ಭಾಷೆ ಅರ್ಥವಾದ ಮೇಲೆ ಅದರ ಮೇಲೊಂದು ಪ್ರೀತಿ ಹುಟ್ಟುತ್ತದೆ, ‘ಇದೂ ಒಂದು ಶಿಸ್ತೇ’ ಎನ್ನುವವರನ್ನು ಬೇಕಾದಷ್ಟು ಜನ ನೋಡಿದ್ದೇನೆ. ಅಷ್ಟು ದೂರ ಹೋಗಬೇಡಿ. ಈ ರಸ್ತೆಗಳಲ್ಲಿ ಜನ ಸಾಯುತ್ತಾರೆ. ಕೈರೋದವರಿಗೆ ಅದು ನಮಗಿಂತ ಚೆನ್ನಾಗಿ ಗೊತ್ತಿದೆ.

ಕತ್ತನ್ನು ತಿದ್ದಿಕೊಳ್ಳುವುದು

ಈಜಿಪ್ಟಿನಲ್ಲಿ ವಾಹನಗಳು ಬಲಬದಿಯಲ್ಲಿ ಓಡುತ್ತವೆ, ಸ್ಟೀರಿಂಗ್ ಎಡಕ್ಕಿರುತ್ತದೆ. ತಲೆಗೆ ಇದು ಗೊತ್ತಿರುತ್ತದೆ, ಕತ್ತಿಗೆ ಗೊತ್ತಿರುವುದಿಲ್ಲ. ಚಿಕ್ಕಂದಿನಿಂದ ರಸ್ತೆಗೆ ಕಾಲಿಡುವ ಮುನ್ನ ಬಲಕ್ಕೆ ತಿರುಗಿದ ಕತ್ತು ಇಲ್ಲೂ ಬಲಕ್ಕೇ ತಿರುಗುತ್ತದೆ. ಅಷ್ಟರಲ್ಲಿ ವಾಹನ ಎಡದಿಂದ ಬಂದಾಗಿರುತ್ತದೆ. ಮೊದಲ ಎರಡು ವಾರ ಪ್ರತಿ ಸಲ ರಸ್ತೆಯಂಚಿಗೆ ಬಂದಾಗ ‘ಎಡ, ಬಲ, ಮತ್ತೆ ಎಡ’ ಎಂದು ಬಾಯಿಬಿಟ್ಟು ಹೇಳಿಕೊಳ್ಳಿ. ಮಕ್ಕಳಿದ್ದರೆ ಅವರಿಂದಲೂ ಹೇಳಿಸಿ. ಏಕಮುಖ ರಸ್ತೆಯಾದರೂ ಎರಡೂ ಕಡೆ ನೋಡಲೇಬೇಕು, ಮೋಟಾರ್‌ಸೈಕಲ್‌ನವರು ಉಲ್ಟಾ ಬರುವುದು ಇಲ್ಲಿ ದಿನದ ಮಾತು.

ವೃತ್ತಗಳಿಗೆ ನಾನು ಕಂಡುಕೊಂಡ ಉಪಾಯ ಸುಲಭದ್ದು. ನಮ್ಮಲ್ಲಿ ವೃತ್ತವನ್ನು ಪ್ರದಕ್ಷಿಣೆ ಹಾಕುತ್ತೇವೆ, ಇಲ್ಲಿ ಅಪ್ರದಕ್ಷಿಣೆ. ಈ ಒಂದು ಮಾತು ಮನಸ್ಸಿನಲ್ಲಿ ಕೂತ ಮೇಲೆ ನಾನು ಗೊಂದಲಪಟ್ಟಿಲ್ಲ.

ರಸ್ತೆ ದಾಟುವುದು

ಇಡೀ ಲೇಖನದಲ್ಲಿ ಒಂದೇ ಭಾಗ ಓದುತ್ತೀರಾದರೆ ಇದನ್ನು ಓದಿ. ಗಾಡಿ ಓಡಿಸದೆಯೂ ಕೈರೋದಲ್ಲಿ ಬದುಕಬಹುದು. ರಸ್ತೆ ದಾಟದೆ ಒಂದು ದಿನವೂ ಆಗುವುದಿಲ್ಲ.

ಬಿಳಿ ಪಟ್ಟೆಗಳು ಕೆಲವು ಕಡೆ ಇವೆ. ಅವನ್ನು ಕಂಡು ಯಾರೂ ನಿಲ್ಲಿಸುವುದಿಲ್ಲ. ವಾಹನಗಳ ಸಾಲು ಪೂರ್ತಿ ಖಾಲಿಯಾಗಲಿ ಎಂದು ಕಾದರೆ ಸಂಜೆಯವರೆಗೂ ನಿಂತಿರಬೇಕಾಗುತ್ತದೆ. ಇಲ್ಲಿನವರು ಇಡೀ ರಸ್ತೆಯನ್ನು ಒಟ್ಟಿಗೆ ದಾಟುವುದಿಲ್ಲ, ಒಂದೊಂದೇ ಸಾಲು ದಾಟುತ್ತಾರೆ. ಮೊದಲ ಸಾಲಿನಲ್ಲಿ ಜಾಗ ಸಿಕ್ಕಿತೇ, ಅಷ್ಟು ಹೆಜ್ಜೆ ಹಾಕಿ ಎರಡು ಸಾಲುಗಳ ನಡುವೆ ನಿಲ್ಲುತ್ತಾರೆ, ಮುಂದಿನ ಸಾಲಿನಲ್ಲಿ ಜಾಗ ಬಂದಾಗ ಮತ್ತೆ ಹೊರಡುತ್ತಾರೆ. ಎರಡೂ ಕಡೆ ಕಾರುಗಳು ಸರಿದುಹೋಗುತ್ತಿರುವಾಗ ಮಧ್ಯೆ ಸುಮ್ಮನೆ ನಿಲ್ಲುವುದಕ್ಕೆ ಮೊದಲ ದಿನ ಧೈರ್ಯ ಸಾಲುವುದಿಲ್ಲ, ಅದು ಸಹಜ.

ಆದ್ದರಿಂದ ಮೊದಲ ವಾರ ಒಬ್ಬರೇ ದಾಟಬೇಡಿ. ರಸ್ತೆಯಂಚಿನಲ್ಲಿ ಮಗುವಿನ ಕೈ ಹಿಡಿದ ತಾಯಿಯೋ ವಯಸ್ಸಾದವರೋ ನಿಂತಿದ್ದರೆ ಅವರ ಪಕ್ಕ ನಿಲ್ಲಿ. ವಾಹನ ಬರುವ ದಿಕ್ಕಿಗೆ ಅವರಿರಲಿ, ನೀವು ಅವರಿಂದಾಚೆಗಿರಿ. ಅವರು ಹೆಜ್ಜೆ ಎತ್ತಿದಾಗ ಎತ್ತಿ, ನಿಂತಾಗ ನಿಲ್ಲಿ. ಹುಡುಗರ ಗುಂಪಿನ ಹಿಂದೆ ಮಾತ್ರ ಹೋಗಬೇಡಿ, ಅವರು ಓಡುತ್ತಾರೆ. ನಾನು ಬಂದ ಹೊಸದರಲ್ಲಿ ದೊಕ್ಕಿ ಬಡಾವಣೆಯ ಹತ್ತಿರ ಹೀಗೇ ನಿಂತು ಒದ್ದಾಡುತ್ತಿದ್ದಾಗ ತರಕಾರಿ ಚೀಲ ಹಿಡಿದ ಅಜ್ಜಿಯೊಬ್ಬರು ನನ್ನ ತೋಳು ಹಿಡಿದು, ಏನೂ ಮಾತಾಡದೆ ಆಚೆ ದಡ ಮುಟ್ಟಿಸಿ ತಮ್ಮ ದಾರಿ ಹಿಡಿದು ಹೋದರು. ಅವರ ನಡಿಗೆಯ ವೇಗ ಇವತ್ತಿಗೂ ನೆನಪಿದೆ. ಮೊದಲ ಹೆಜ್ಜೆಯಿಂದ ಕೊನೆಯ ಹೆಜ್ಜೆಯವರೆಗೆ ಅದು ಒಂದಿಷ್ಟೂ ಬದಲಾಗಲಿಲ್ಲ.

ಗುಟ್ಟು ಇರುವುದೇ ಅಲ್ಲಿ. ಚಾಲಕ ನಿಮ್ಮನ್ನು ನೋಡಿದ್ದಾನೆ, ನೀವು ಇದೇ ವೇಗದಲ್ಲಿ ಮುಂದೆ ಹೋಗುತ್ತೀರಿ ಎಂದು ಎಣಿಸಿ ನಿಮ್ಮ ಹಿಂದಿನಿಂದ ಹಾಯಲು ಸ್ಟೀರಿಂಗ್ ತಿರುಗಿಸಿದ್ದಾನೆ. ಆಗ ನೀವು ಬೆದರಿ ಹಿಂದಕ್ಕೆ ಹೆಜ್ಜೆಯಿಟ್ಟರೆ ಅವನ ಲೆಕ್ಕ ತಪ್ಪುತ್ತದೆ. ಓಡಬೇಡಿ, ಹಿಂದೆ ಸರಿಯಬೇಡಿ. ತೀರಾ ಅನುಮಾನ ಬಂದರೆ ಇದ್ದಲ್ಲೇ ನಿಂತುಬಿಡಿ.

ಕೈಸನ್ನೆ ಒಂದನ್ನು ಈಗಲೇ ಕಲಿತುಕೊಳ್ಳಿ. ಐದೂ ಬೆರಳ ತುದಿಗಳನ್ನು ಮೇಲ್ಮುಖವಾಗಿ ಒಟ್ಟುಗೂಡಿಸಿ, ಕೈಯನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸುವುದು. ‘ಸ್ವಲ್ಪ ತಡಿ’ ಎಂದರ್ಥ. ಬರುವ ಚಾಲಕನ ಕಣ್ಣಿಗೆ ಕಣ್ಣು ಕೊಟ್ಟು ಈ ಸನ್ನೆ ಮಾಡಿದರೆ ಬಹಳಷ್ಟು ಜನ ವೇಗ ತಗ್ಗಿಸುತ್ತಾರೆ. ಅಂಗೈ ಚಾಚಿ ‘ನಿಲ್ಲು’ ಎಂದು ಅಪ್ಪಣೆ ಕೊಟ್ಟಂತೆ ತೋರಿಸುವುದಕ್ಕಿಂತ ಇದಕ್ಕೆ ಹೆಚ್ಚು ಬೆಲೆ. ಆಚೆ ಸೇರಿದ ಮೇಲೆ ಕೈಯೆತ್ತಿ ಧನ್ಯವಾದ ಹೇಳಿ, ಇಲ್ಲಿನವರು ಅದನ್ನು ಗಮನಿಸುತ್ತಾರೆ.

ಇಷ್ಟೆಲ್ಲ ಕಲಿತ ಮೇಲೂ ದಾಟಬಾರದ ರಸ್ತೆಗಳಿವೆ. ನಗರವನ್ನು ಸುತ್ತುವರಿದ ರಿಂಗ್ ರೋಡ್, ಅಂದರೆ ಇಲ್ಲಿನವರ ಬಾಯಲ್ಲಿ ‘ದಾಇರೀ’, ಅಂಥದ್ದೊಂದು. ಸಲಾಹ್ ಸಾಲೆಮ್ ಇನ್ನೊಂದು. ಹೆಲಿಯೊಪೊಲಿಸ್ ಬಡಾವಣೆಯಲ್ಲಿ ಹಳೆಯ ಟ್ರಾಂ ಹಳಿ ತೆಗೆದು, ಮರ ಕಡಿದು, ಮೇಲ್ಸೇತುವೆ ಕಟ್ಟಿ ಅಗಲಗೊಳಿಸಿದ ರಸ್ತೆಗಳೂ ಅಷ್ಟೇ. ವಾಹನಕ್ಕೆ ಹರಿವು ಸಿಕ್ಕಿತು, ನಡೆಯುವವರಿಗೆ ದಾರಿ ಹೋಯಿತು. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ, ಏಕೆಂದರೆ ನೆರಳಿನಲ್ಲಿ ನಡೆದಾಡುವುದಕ್ಕೆ ಹೇಳಿ ಮಾಡಿಸಿದಂತಿದ್ದ ಬಡಾವಣೆ ಅದು. ಇಂಥ ಕಡೆ ಪಾದಚಾರಿ ಸೇತುವೆ ಹತ್ತು ನಿಮಿಷ ದೂರವಿದ್ದರೂ ಅಲ್ಲಿಗೇ ಹೋಗಿ, ಇಲ್ಲವಾದರೆ ಟ್ಯಾಕ್ಸಿ ಹತ್ತಿ ಆಚೆ ಬದಿಗೆ ಇಳಿಯಿರಿ. ತಹ್ರೀರ್ ಚೌಕದಲ್ಲಿ ಸಾದಾತ್ ಮೆಟ್ರೋ ನಿಲ್ದಾಣದ ನೆಲದಡಿಯ ಹಾದಿಗಳಿಂದಲೇ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗಬಹುದು. ರಾತ್ರಿಯಾದರೆ ತಿಳಿ ಬಣ್ಣದ ಬಟ್ಟೆ ಹಾಕಿಕೊಳ್ಳಿ, ಕಾರಣ ಮುಂದೆ ಹೇಳುತ್ತೇನೆ.

ಪಕ್ಕದ ಸೀಟಿನ ಪಾಠ

ಎರಡನೆಯ ಹಂತದಲ್ಲಿ ಬೇರೆಯವರು ಓಡಿಸಲಿ, ನೀವು ನೋಡಿ. ದಿನದ ಓಡಾಟಕ್ಕೆ ಸಾಧ್ಯವಾದಷ್ಟೂ ಮೆಟ್ರೋ ಹಿಡಿಯಿರಿ. 1987ರಲ್ಲಿ ಆರಂಭವಾದ ಇದು ಆಫ್ರಿಕಾ ಖಂಡದ ಮೊದಲ ಮೆಟ್ರೋ. ಪ್ರತಿ ರೈಲಿನ ನಡುವೆ ಮಹಿಳೆಯರಿಗೆಂದೇ ಎರಡು ಬೋಗಿಗಳಿವೆ, ಪ್ಲಾಟ್‌ಫಾರ್ಮಿನಲ್ಲಿ ಅದರ ಗುರುತು ನೋಡಿ ನಿಲ್ಲಿ. ಮೆಟ್ರೋ ಇಲ್ಲದ ಕಡೆಗೆ ಊಬರ್, ಕರೀಮ್ ಎಂಬ ಆ್ಯಪ್ ಟ್ಯಾಕ್ಸಿಗಳಿವೆ. ಬಿಳಿ ಟ್ಯಾಕ್ಸಿಯಾದರೆ ಹತ್ತುವ ಮುನ್ನವೇ ಮೀಟರ್ ಹಾಕುತ್ತಾರೋ ಇಲ್ಲವೋ ಕೇಳಿಕೊಳ್ಳಿ.

ಆ್ಯಪ್‌ನಲ್ಲಿ ಕಾರು ತರಿಸಿದಾಗ ಎದುರಾಗುವ ಮೊದಲ ತೊಡಕು ನಂಬರ್ ಪ್ಲೇಟು. ಅಂಕಿ, ಅಕ್ಷರ ಎರಡೂ ಅರಬಿಯಲ್ಲಿರುತ್ತವೆ. ಒಂದು ಸಂಜೆ ಕೂತು ಹತ್ತು ಅಂಕಿಗಳನ್ನು ಕಲಿತುಬಿಡಿ. ಮೋಸಹೋಗುವುದು ಮೂರರಲ್ಲಿ: ನಮ್ಮ ಸೊನ್ನೆಯಂತೆ ದುಂಡಗಿರುವುದು ಇಲ್ಲಿ 5, ಬರೀ ಚುಕ್ಕೆಯಿದ್ದರೆ 0, ನಮ್ಮ ಕಣ್ಣಿಗೆ 7ರಂತೆ ಕಾಣುವುದು 6. ಪ್ಲೇಟಿನ ಮೇಲ್ಭಾಗದ ಪಟ್ಟಿಯ ಬಣ್ಣವೂ ಉಪಯೋಗಕ್ಕೆ ಬರುತ್ತದೆ. ಖಾಸಗಿ ಕಾರಿಗೆ ತಿಳಿನೀಲಿ, ಟ್ಯಾಕ್ಸಿಗೆ ಕಿತ್ತಳೆ, ಲಾರಿಗೆ ಕೆಂಪು.

ಗಂಡಸರು ಮುಂದಿನ ಸೀಟಿನಲ್ಲಿ ಕೂರುವುದು ಇಲ್ಲಿ ವಾಡಿಕೆ, ಮಹಿಳೆಯರು ಹಿಂದೆ ಕೂರುತ್ತಾರೆ. ಹಿಂದಿನ ಸೀಟಿನ ಬೆಲ್ಟು ಎಷ್ಟೋ ಕಾರುಗಳಲ್ಲಿ ಸೀಟ್ ಕವರ್‌ನ ಅಡಿಗೆ ಸೇರಿಹೋಗಿರುತ್ತದೆ. ಹೊರಡುವ ಮುನ್ನ ತೆಗೆಸಿ. ಚಾಲಕರಿಗೆ ಬೇಸರವಾದೀತೆಂದು ಸುಮ್ಮನಿರಬೇಡಿ. ಮಾತಿನಲ್ಲಿ ‘ಯಾ ಉಸ್ತಾ’ ಎಂದು ಕರೆಯಿರಿ, ಕಸುಬು ಬಲ್ಲವರನ್ನು ಗೌರವದಿಂದ ಕರೆಯುವ ಮಾತು ಅದು. ಬಲಕ್ಕೆ ‘ಯಮೀನ್’, ಎಡಕ್ಕೆ ‘ಶಿಮಾಲ್’, ನೇರ ‘ಅಲಾ ತೂಲ್’, ಇಲ್ಲೇ ಬದಿಗೆ ನಿಲ್ಲಿಸಿ ಎನ್ನಲು ‘ಅಲಾ ಗಂಬ್’. ಈ ನಾಲ್ಕು ಮಾತಿನಲ್ಲಿ ಇಡೀ ನಗರ ಸುತ್ತಬಹುದು.

ಈಗ ಹಾರ್ನ್ ಕಡೆ ಕಿವಿ ಕೊಡಿ. ಹಾರ್ನಿಗೆ ಇಲ್ಲಿ ‘ಕಲಕ್ಸ್’ ಎನ್ನುತ್ತಾರೆ. ಒಂದು ಪುಟ್ಟ ‘ಪೀ’ ಎಂದರೆ ‘ನಾನಿಲ್ಲಿದ್ದೇನೆ, ನಿನ್ನ ಪಕ್ಕಕ್ಕೆ ಬರುತ್ತಿದ್ದೇನೆ’. ಎರಡು ಪುಟ್ಟವು ‘ಥ್ಯಾಂಕ್ಸ್’ ಇರಬಹುದು, ಟ್ಯಾಕ್ಸಿಯದಾದರೆ ‘ಬರುತ್ತೀರಾ?’ ಎಂಬ ಕರೆ ಇರಬಹುದು. ಎಳೆದು ಹೊಡೆದರೆ ಮಾತ್ರ ಸಿಟ್ಟು. ಗುರುವಾರ ರಾತ್ರಿ ತಾಳ ಹಾಕಿದಂತೆ ಕೇಳಿಬಂದರೆ ಮದುವೆ ದಿಬ್ಬಣ ಬರುತ್ತಿದೆ ಎಂದುಕೊಳ್ಳಿ, ಸ್ವಲ್ಪ ಹೊತ್ತು ರಸ್ತೆ ಅವರದು. ಆ ತಾಳವನ್ನು ನೀವು ಅನುಕರಿಸಲು ಹೋಗಬೇಡಿ. ಅದನ್ನು ಹೋಲುವ ಇನ್ನೊಂದು ತಾಳಕ್ಕೆ ಕೆಟ್ಟ ಬೈಗುಳದ ಅರ್ಥವಿದೆ, ಹೊಸಬರ ಕಿವಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಹಾರ್ನಿಗಿಂತ ಮುಖ್ಯವಾದದ್ದು ದೀಪ. ಎದುರಿನವರು ಹೆಡ್‌ಲೈಟ್ ಮಿಟುಕಿಸಿದರೆ ‘ನೀವು ಹೋಗಿ’ ಎಂದು ಬಿಟ್ಟುಕೊಡುತ್ತಿದ್ದಾರೆ ಎಂದು ಭಾವಿಸಿದಿರೋ ಕೆಟ್ಟಿತು. ‘ನಾನು ಬರುತ್ತಿದ್ದೇನೆ, ನೀನು ಅಲ್ಲೇ ಇರು’ ಎಂದೇ ಅದರ ಅರ್ಥ.

ಇನ್ನು ಮೈಕ್ರೋಬಸ್. ಬಿಳಿ ವ್ಯಾನಿನಂಥ ಈ ಬಂಡಿಗಳೇ ಈ ಊರಿನ ಲಕ್ಷಾಂತರ ಜನರನ್ನು ದಿನಾ ಕೆಲಸಕ್ಕೆ ಮುಟ್ಟಿಸುವುದು. ಅವುಗಳನ್ನು ಬೈಯುವ ಮುನ್ನ ಒಂದು ಸಲವಾದರೂ ಪರಿಚಿತರ ಜೊತೆ ಅದರಲ್ಲಿ ಹೋಗಿಬನ್ನಿ. ಹಿಂದೆ ಕೂತವರ ಕಾಸು ಕೈಯಿಂದ ಕೈಗೆ ದಾಟಿ ಚಾಲಕನವರೆಗೆ ಹೋಗುತ್ತದೆ, ಚಿಲ್ಲರೆ ಅದೇ ದಾರಿಯಲ್ಲಿ ಹಿಂದಿರುಗುತ್ತದೆ, ಒಂದು ಪಿಯಾಸ್ತ್ರೂ ನಡುವೆ ಉದುರುವುದಿಲ್ಲ. ಬದಿಯಲ್ಲಿ ನಿಂತವರು ಕೈಸನ್ನೆಯಲ್ಲೇ ಊರು ಹೇಳುತ್ತಾರೆ. ಎರಡೂ ಕೈ ಸೇರಿಸಿ ಪಿರಮಿಡ್ಡಿನ ಆಕಾರ ಮಾಡಿದರೆ ಹರಮ್ ಕಡೆಗೆ ಹೋಗಬೇಕು ಎಂದರ್ಥ. ಚಾಲಕರು ಕೈ ನೋಡಿದ ಕೂಡಲೇ ಬ್ರೇಕ್ ಹಾಕುತ್ತಾರೆ, ಅದು ಯಾವ ಸಾಲಿನಲ್ಲಾದರೂ ಸರಿ. ಇದನ್ನು ಒಳಗಿನಿಂದ ಒಮ್ಮೆ ನೋಡಿದ್ದರೆ ಮುಂದೆ ನೀವು ಓಡಿಸುವಾಗ ಬಿಳಿ ವ್ಯಾನಿನ ಹಿಂದೆ ಎಷ್ಟು ಅಂತರ ಬಿಡಬೇಕೆಂಬುದು ತಾನಾಗಿ ತಿಳಿಯುತ್ತದೆ.

ಕಾಗದ ಮತ್ತು ಕಾರು

ಇದನ್ನು ಬೇಗ ಮುಗಿಸುತ್ತೇನೆ. ಪ್ರವಾಸಿಯಾಗಿ ಬಂದವರಿಗೆ ಊರಿನ ಲೈಸೆನ್ಸ್ ಜೊತೆಗೆ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರವಾನಗಿ ಬೇಕು. ಅದರ ಅವಧಿ ಒಂದು ವರ್ಷ, ಹೊರಡುವ ಮೊದಲೇ ಮಾಡಿಸಿಕೊಳ್ಳಿ. ವಾಸಕ್ಕೆ ಬಂದವರು ಈಜಿಪ್ಟಿನ ಲೈಸೆನ್ಸನ್ನೇ ಪಡೆಯಬೇಕು. ಆ ಇಲಾಖೆಗೆ ‘ಮುರೂರ್’ ಎನ್ನುತ್ತಾರೆ. ಅರಬಿ ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋದರೆ ಒಂದು ದಿನ ಉಳಿಯುತ್ತದೆ. ಲೈಸೆನ್ಸಿಗೆ ‘ರುಖ್ಸಾ’, ರಸ್ತೆಯ ತಪಾಸಣೆ ಠಾಣೆಗೆ ‘ಲಗ್ನಾ’. ಕನ್ನಡಿಗರಿಗೆ ಈ ಎರಡನೆಯ ಶಬ್ದ ಮರೆಯುವುದು ಕಷ್ಟ. ರಾತ್ರಿ ಲಗ್ನಾ ಕಂಡರೆ ಹೆಡ್‌ಲೈಟ್ ತಗ್ಗಿಸಿ, ಕಾರಿನೊಳಗಿನ ದೀಪ ಹಾಕಿ, ಕೈಗಳು ಕಾಣುವಂತಿರಲಿ.

ಹೊಸ ಕಾರು ಕೊಳ್ಳಬೇಡಿ. ಮೈಯಲ್ಲಿ ನಾಲ್ಕು ಗೀರುಗಳಿರುವ, ಗೇರು ತಾನೇ ಬದಲಾಯಿಸಿಕೊಳ್ಳುವ ಸಣ್ಣ ಕಾರು ಸಾಕು. ಗೀರಿಲ್ಲದ ಕಾರಿನಲ್ಲಿ ಕೂತವರ ಗಮನವೆಲ್ಲ ಕಾರಿನ ಮೇಲೆಯೇ ಇರುತ್ತದೆ. ಕೊಳ್ಳುವಾಗ ನೋಡಬೇಕಾದ್ದು ಬ್ರೇಕು, ಟೈರು, ಹಾರ್ನು, ಎಲ್ಲ ದೀಪಗಳು. ಅಗ್ನಿಶಾಮಕ ಮತ್ತು ಎಚ್ಚರಿಕೆಯ ತ್ರಿಕೋನ ಕಾರಿನಲ್ಲಿ ಇರಲೇಬೇಕು. ಎಡಗಡೆ ಸ್ಟೀರಿಂಗಿನ ಕಾರಿನಲ್ಲಿ ಇಂಡಿಕೇಟರ್ ಕಡ್ಡಿ ಸಾಮಾನ್ಯವಾಗಿ ಎಡಗೈಗೆ ಬರುತ್ತದೆ, ವೈಪರ್ ಬಲಗೈಗೆ. ನಿಲ್ಲಿಸಿದ ಕಾರಿನಲ್ಲೇ ಕೂತು ಕೈಗೆ ರೂಢಿ ಮಾಡಿಸಿ. ಪೆಟ್ರೋಲಿಗೆ ಇಲ್ಲಿ ‘ಬೆನ್ಜೀನ್’ ಎಂದು ಹೆಸರು; 80, 92, 95 ಎಂಬ ದರ್ಜೆಗಳಿವೆ. ‘ಸೊಲಾರ್’ ಎಂದು ಕೇಳಿದರೆ ಡೀಸೆಲ್ ಹಾಕುತ್ತಾರೆ.

ಮೊದಲ ಶುಕ್ರವಾರ

ಇಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಶುಕ್ರವಾರ ಬೆಳಗ್ಗೆ, ಮಧ್ಯಾಹ್ನದ ನಮಾಜಿನವರೆಗೆ, ಕೈರೋ ಖಾಲಿ. ವಾರದಲ್ಲಿ ನಿಮಗೆ ಸಿಗುವ ಒಂದೇ ತರಗತಿ ಕೋಣೆ ಅದು. ಏಳು ಗಂಟೆಗೆ ಹೊರಡಿ. ಮೊದಲ ಶುಕ್ರವಾರ ನಿಮ್ಮ ಬಡಾವಣೆಯ ಒಳರಸ್ತೆಗಳಲ್ಲೇ ಇರಿ, ವೃತ್ತಗಳನ್ನು ಹತ್ತಾರು ಸಲ ಸುತ್ತಿ. ನಾನು ಮಾದಿಯಲ್ಲಿ ಮಾಡಿದ್ದು ಅದನ್ನೇ. ಎರಡನೆಯ ವಾರ ನೈಲ್ ದಂಡೆಯ ಕಾರ್ನೀಶ್ ರಸ್ತೆಯಲ್ಲಿ ಹೋಗಿ ಬನ್ನಿ. ಮೂರನೆಯ ವಾರ ಕಸ್ರ್ ಅಲ್ ನೀಲ್ ಸೇತುವೆ ದಾಟಿ, ಎರಡೂ ತುದಿಯಲ್ಲಿ ಕಂಚಿನ ಸಿಂಹಗಳು ಕೂತಿರುವುದು ಇದರಲ್ಲೇ.

ಅಕ್ಟೋಬರ್ 6 ಸೇತುವೆಗೆ ಒಂದು ತಿಂಗಳಾದ ಮೇಲೆ ಹೋಗಿ. ಹೆಸರಿಗೆ ಸೇತುವೆ, ವಾಸ್ತವದಲ್ಲಿ ಊರಿನ ನೆತ್ತಿಯ ಮೇಲೆ 20 ಕಿಲೋಮೀಟರಿನಷ್ಟು ಹರಿಯುವ ಹೆದ್ದಾರಿ. 1969ರಲ್ಲಿ ಶುರುವಾದ ಕೆಲಸ ಹಂತಹಂತವಾಗಿ ಸಾಗಿ 1996ರಲ್ಲಿ ಮುಗಿಯಿತು. ನೈಲ್ ನದಿಯನ್ನು ಎರಡು ಕಡೆ ದಾಟುತ್ತದೆ. ಇಳಿಯುವ ದಾರಿ ಒಮ್ಮೆ ತಪ್ಪಿದರೆ ಬಹಳ ದೂರ ಹೋಗಬೇಕಾಗುತ್ತದೆ. ತಪ್ಪಿದರೆ ತಪ್ಪಿತು, ಹೋಗಿ. ಸೇತುವೆಯ ಮೇಲೆ ನಿಲ್ಲಿಸಿ ಹಿಂದಕ್ಕೆ ಬರುವ ಕಾರುಗಳನ್ನು ನೋಡುತ್ತೀರಿ, ನೀವು ಆ ಕೆಲಸ ಎಂದಿಗೂ ಮಾಡಬೇಡಿ.

ಓಡಿಸುವಾಗ ಲೆಕ್ಕ ಹೇಗೆ

ರಸ್ತೆಗೆ ಮೂರು ಸಾಲು ಬಳಿದಿರುತ್ತದೆ, ಐದು ಸಾಲು ವಾಹನ ಓಡುತ್ತಿರುತ್ತದೆ. ಇಲ್ಲಿನ ಅಲಿಖಿತ ನಿಯಮವೆಂದರೆ ಯಾರ ಕಾರಿನ ಮೂತಿ ಮುಂದಿದೆಯೋ ದಾರಿ ಅವರದು, ಹಿಂದಿರುವವರು ಹೊಂದಿಕೊಳ್ಳಬೇಕು. ಎಲ್ಲರೂ ತಮ್ಮ ಮುಂದಿರುವುದನ್ನು ಮಾತ್ರ ನೋಡುತ್ತಾರೆ, ಕನ್ನಡಿ ನೋಡುವವರು ಕಡಿಮೆ. ಅನೇಕರು ಪಕ್ಕದ ಕನ್ನಡಿಗಳನ್ನು ಮಡಚಿಕೊಂಡೇ ಓಡಿಸುತ್ತಾರೆ. ಆದ್ದರಿಂದ ನಿಮ್ಮ ಮುಂದೆ ಯಾರಾದರೂ ಸರಕ್ಕನೆ ನುಗ್ಗಿದರೆ ಅದು ಅವಮಾನವಲ್ಲ, ನಿಮ್ಮನ್ನು ಅವರು ನೋಡಿಯೇ ಇರುವುದಿಲ್ಲ. ಬಿಟ್ಟುಕೊಡಿ. ನೀವು ಸಾಲು ಬದಲಿಸುವಾಗ ಇಂಡಿಕೇಟರ್ ಹಾಕಿ, ಒಂದು ಪುಟ್ಟ ಹಾರ್ನ್ ಕೊಡಿ, ಮೆಲ್ಲಗೆ ವಾಲಿ. ಪಾದಚಾರಿಯಾಗಿ ಕಲಿತದ್ದೇ ಇಲ್ಲೂ: ನಿಮ್ಮ ಮುಂದಿನ ಹೆಜ್ಜೆ ಏನೆಂದು ಬೇರೆಯವರಿಗೆ ಮೊದಲೇ ಕಾಣಬೇಕು.

ಎಡಕ್ಕೆ ತಿರುಗಬೇಕಾದಲ್ಲಿ ಬಹಳ ಕಡೆ ಅಡ್ಡರಸ್ತೆಯನ್ನು ಮುಚ್ಚಿ, ಮುಂದೆಲ್ಲೋ ಯೂ ಟರ್ನ್ ಕೊಟ್ಟಿದ್ದಾರೆ. ಅದು ಬರುವ ಜಾಗದಲ್ಲಿ ಎಡಬದಿಯ ವೇಗದ ಸಾಲು ಒಮ್ಮೆಲೇ ನಿಂತುಬಿಡುತ್ತದೆ. ತಿರುಗಿ ಬರುವ ವಾಹನವೂ ಎದುರುಬದಿಯ ವೇಗದ ಸಾಲಿಗೇ ಬಂದು ಸೇರುತ್ತದೆ. ನನ್ನ ಕಣ್ಣಿಗೆ ಬಿದ್ದ ಗುದ್ದಾಟಗಳಲ್ಲಿ ಬಹುಪಾಲು ಇಲ್ಲಿಯವೇ. ಕೆಲಸವಿಲ್ಲದಿದ್ದರೆ ತೀರಾ ಎಡ ಸಾಲಿಗೆ ಹೋಗಬೇಡಿ. ತೀರಾ ಬಲ ಸಾಲು ಮೈಕ್ರೋಬಸ್ಸಿನದು. ಹೊಸಬರಿಗೆ ನಡುವೆ ಇರುವುದೇ ಕ್ಷೇಮ.

ರಸ್ತೆ ಉಬ್ಬಿಗೆ ‘ಮತಬ್’ ಎನ್ನುತ್ತಾರೆ. ಬಣ್ಣವಿಲ್ಲ, ಫಲಕವಿಲ್ಲ, ನಿವಾಸಿಗಳೇ ಹಾಕಿಕೊಂಡವೂ ಇವೆ. ಮುಂದಿನ ಕಾರಿನ ಬ್ರೇಕ್ ದೀಪವೇ ನಿಮಗಿರುವ ಸೂಚನೆ. ಕತ್ತೆಗಾಡಿ, ಟುಕ್‌ಟುಕ್, ಸೈಕಲ್ ಎಲ್ಲವೂ ಇದೇ ರಸ್ತೆಯಲ್ಲಿ. ಟುಕ್‌ಟುಕ್ ಎಂದರೆ ಭಾರತದಿಂದ ಬಂದ ನಮ್ಮ ಆಟೋವೇ. ಓಡಿಸುವವನು ಎಷ್ಟೋ ಸಲ ಮೀಸೆ ಚಿಗುರದ ಹುಡುಗ, ಅವನಿಗೆ ದಾರಿ ಬಿಡಿ. ಸೈಕಲ್ ತುಳಿಯುತ್ತ, ತಲೆಯ ಮೇಲೆ ಹಲಗೆ, ಹಲಗೆಯ ಮೇಲೆ ನೂರಾರು ರೊಟ್ಟಿ ಹೊತ್ತು ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು ಬರುವವರು ಕಂಡರೆ ಹಾರ್ನ್ ಹೊಡೆಯಲೇಬೇಡಿ. ಅವರಿಗೆ ತಿರುಗಿ ನೋಡಲು ಆಗುವುದಿಲ್ಲ. ಹಿಂದೆಯೇ ನಿಧಾನವಾಗಿ ಹೋಗಿ, ಅಗಲವಾದ ಜಾಗ ಬಂದಾಗ ದಾಟಿ.

ಓಡಿಸಬಾರದ ಹೊತ್ತು

ರಾತ್ರಿ ಬೀದಿದೀಪವಿರುವ ಕಡೆ ಹೆಡ್‌ಲೈಟ್ ಆರಿಸಿಕೊಂಡು ಓಡಿಸುವವರು ಇಲ್ಲಿ ಇನ್ನೂ ಇದ್ದಾರೆ. ಎದುರಿನವರ ಕಣ್ಣಿಗೆ ಹೊಡೆಯದಿರಲಿ ಎಂಬ ನಂಬಿಕೆ ಅದಕ್ಕಿರುವ ಒಂದು ಕಾರಣ. ತಿಳಿ ಬಟ್ಟೆ ಹಾಕಿ ಎಂದದ್ದು ಇದಕ್ಕೇ. ನೀವು ಸೂರ್ಯ ಮುಳುಗುವ ಮುನ್ನವೇ ದೀಪ ಹಾಕಿ. ಯಾರಾದರೂ ಸನ್ನೆ ಮಾಡಿ ಆರಿಸಲು ಹೇಳಿದರೆ ಮುಗುಳ್ನಕ್ಕು ಮುಂದೆ ಹೋಗಿ, ಆರಿಸಬೇಡಿ. ಬೆಲ್ಟು, ದೀಪ, ಮಕ್ಕಳಿಗೆ ಹಿಂದಿನ ಸೀಟು: ಈ ಮೂರರಲ್ಲಿ ಇಲ್ಲಿನ ರೂಢಿಗೆ ಹೊಂದಿಕೊಳ್ಳುವ ಮಾತೇ ಬೇಡ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಸ್ಟೀರಿಂಗ್ ಹಿಡಿಸುವ ತಂದೆಯರನ್ನು ನೋಡಿದಾಗೆಲ್ಲ ನನಗೆ ಎದೆ ಹಿಂಡುತ್ತದೆ.

ಮಳೆ ಬರುವುದು ವರ್ಷಕ್ಕೆ ಕೆಲವೇ ದಿನ. ಅದಕ್ಕೇ ಚರಂಡಿಗಳು ಸಾಲುವುದಿಲ್ಲ, ಕೆಳಸೇತುವೆಗಳು ಹೊಂಡವಾಗುತ್ತವೆ, ಧೂಳು ಎಣ್ಣೆ ಸೇರಿ ರಸ್ತೆ ಜಾರುತ್ತದೆ. ಅವತ್ತು ಮನೆಯಲ್ಲಿರಿ. ವಸಂತದಲ್ಲಿ ಮರಳು ಹೊತ್ತು ಬೀಸುವ ಖಮ್ಸೀನ್ ಗಾಳಿಗೂ, ಚಳಿಗಾಲದ ಮುಂಜಾವಿನ ಮರುಭೂಮಿ ರಸ್ತೆಯ ಮಂಜಿಗೂ ಇದೇ ಮಾತು. ಗುರುವಾರ ಸಂಜೆ ಎಲ್ಲಿಗೂ ಹೊರಡಬೇಡಿ.

ರಂಜಾನ್ ತಿಂಗಳಲ್ಲಿ ಸೂರ್ಯಾಸ್ತಕ್ಕೆ ಮುಂಚಿನ ಒಂದು ಗಂಟೆ ವರ್ಷದಲ್ಲೇ ಅತಿ ಅಪಾಯದ ಹೊತ್ತು. ಬೆಳಗಿನಿಂದ ನೀರೂ ಕುಡಿಯದ ಇಡೀ ನಗರ ಒಟ್ಟಿಗೆ ಮನೆಗೆ ಓಡುತ್ತಿರುತ್ತದೆ. ಆ ಹೊತ್ತಿಗೆ ಸಿಕ್ಕಿಹಾಕಿಕೊಂಡರೆ ಬಲಕ್ಕೆ ಸರಿದು ನಿಧಾನವಾಗಿ ಹೋಗಿ. ಬಾಂಗ್ ಕೇಳಿಸುವ ಹೊತ್ತಿಗೆ ರಸ್ತೆಬದಿಯಲ್ಲಿ ನಿಂತ ಯುವಕರು ಕಾರಿನ ಕಿಟಕಿಗೆ ಖರ್ಜೂರ, ಶರಬತ್ತು ಕೊಡುತ್ತಾರೆ. ನೀವು ಉಪವಾಸವಿಲ್ಲದಿದ್ದರೂ ತೆಗೆದುಕೊಳ್ಳಿ, ಬೇಡವೆಂದರೆ ಅವರಿಗೆ ನೋವಾಗುತ್ತದೆ. ಮರುಕ್ಷಣದಿಂದ ಸುಮಾರು ಒಂದು ಗಂಟೆ ಕೈರೋದಷ್ಟು ನಿಶ್ಶಬ್ದ ನಗರ ಇನ್ನೊಂದಿಲ್ಲ.

ನಿಲ್ಲಿಸುವುದು, ತಾಗಿಸಿಕೊಳ್ಳುವುದು

ಕಾರು ನಿಲ್ಲಿಸಲು ಹೋದಲ್ಲೆಲ್ಲ ಒಬ್ಬರು ಪ್ರತ್ಯಕ್ಷರಾಗಿ ಕೈಸನ್ನೆಯಲ್ಲಿ ಜಾಗ ತೋರಿಸುತ್ತಾರೆ. ಅವರಿಗೆ ‘ಸಾಯಿಸ್’ ಎನ್ನುತ್ತಾರೆ. ನಿಮ್ಮ ಬೀದಿಯ ಸಾಯಿಸ್‌ನ ಹೆಸರು ತಿಳಿದುಕೊಳ್ಳಿ, ಹೊರಡುವಾಗ ಕೆಲವು ಪೌಂಡು ಕೊಡಿ. ಎರಡನೆಯ ಸಾಲಿನಲ್ಲಿ ಅಡ್ಡ ನಿಲ್ಲಿಸಬೇಕಾಗಿ ಬಂದರೆ ಇಲ್ಲಿನವರು ಹ್ಯಾಂಡ್‌ಬ್ರೇಕ್ ಹಾಕುವುದಿಲ್ಲ. ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಬಿಟ್ಟು ಹೋಗುತ್ತಾರೆ, ಒಳಗಿನ ಕಾರಿನವರು ಅದನ್ನು ತಳ್ಳಿ ದಾರಿ ಮಾಡಿಕೊಳ್ಳುತ್ತಾರೆ. ತಳ್ಳಿಸಿಕೊಂಡ ಕಾರು ಬಿಟ್ಟ ಜಾಗದಲ್ಲಿರುವುದಿಲ್ಲ, ಹತ್ತು ಮಾರು ಆಚೆ ನೋಡಿ. ಇಳಿಜಾರಿನಲ್ಲಿ ಮಾತ್ರ ಹೀಗೆ ಬಿಡಬೇಡಿ.

ಒಂದಲ್ಲ ಒಂದು ದಿನ ನಿಮ್ಮ ಕಾರಿಗೂ ಯಾರಾದರೂ ತಾಗಿಸುತ್ತಾರೆ. ಯಾರಿಗಾದರೂ ಪೆಟ್ಟಾಗಿದ್ದರೆ ಬೇರೆ ಮಾತಿಲ್ಲ, ಆಂಬುಲೆನ್ಸ್‌ಗೆ 123, ಪೊಲೀಸರಿಗೆ 122. ಗಾಯಾಳುವನ್ನು ಎತ್ತಿ ಕಾರಿಗೆ ತುಂಬಲು ಜನ ಮುಂದಾಗುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ, ಆದರೆ ಕತ್ತು ಬೆನ್ನಿಗೆ ಏಟು ಬಿದ್ದಿದ್ದರೆ ಎತ್ತಲು ಬಿಡಬೇಡಿ. ಬರೀ ತಗಡು ತಗ್ಗಿದ್ದರೆ ಎಚ್ಚರಿಕೆ ದೀಪ ಹಾಕಿ ಇಳಿಯಿರಿ. ಎರಡು ನಿಮಿಷದಲ್ಲಿ ಹತ್ತು ಜನ ಸೇರುತ್ತಾರೆ. ದನಿಗಳು ಏರುತ್ತವೆ, ಕೈಗಳು ಗಾಳಿಯಲ್ಲಿ ಆಡುತ್ತವೆ. ಹೊಡೆದಾಟವಾಗುತ್ತದೆ ಎಂದು ನಿಮಗನಿಸುತ್ತದೆ. ನೀವು ದನಿ ಏರಿಸಬೇಡಿ, ಫೋಟೋ ತೆಗೆದುಕೊಳ್ಳಿ. ಗುಂಪಿನಲ್ಲಿ ಹಿರಿಯರೊಬ್ಬರು ಎರಡೂ ಕಾರುಗಳನ್ನು ಸುತ್ತಿ ನೋಡಿ, ಇಬ್ಬರ ಭುಜದ ಮೇಲೂ ಕೈಯಿಟ್ಟು ‘ಮಾಲೇಶ್’ ಎನ್ನುತ್ತಾರೆ, ಹೋಗಲಿ ಬಿಡಿ ಎಂದು. ನನ್ನ ಕಾರಿನ ಹಿಂಬದಿ ತಗ್ಗಾದ ದಿನ ಹಾಗೆ ಅಂದದ್ದು ಎದುರಿನ ಅಂಗಡಿಯ ಇಸ್ತ್ರಿಯವರು. ಗುದ್ದಿದ ಹುಡುಗ ಅಳುವಂತಾಗಿದ್ದ. ನಾನು ಬಾಯಿಗೆ ಬಂದಷ್ಟು ಅರಬಿಯಲ್ಲಿ ‘ಹಸಲ್ ಖೇರ್’ ಎಂದೆ. ಆದದ್ದಾಯಿತು, ಕ್ಷೇಮವಾಗಿದ್ದೇವಲ್ಲ ಎಂಬರ್ಥದ ಮಾತು. ಇಸ್ತ್ರಿಯವರು ಒಳಗಿನಿಂದ ಮೂರು ಲೋಟ ಚಹಾ ತಂದರು. ಕುಡಿದು ಮುಗಿಯುವ ಹೊತ್ತಿಗೆ ನಮ್ಮ ಹಿಂದೆ ನಿಂತಿದ್ದ ಮೈಕ್ರೋಬಸ್ ಹಾರ್ನ್ ಹೊಡೆಯತೊಡಗಿತ್ತು, ಈ ಸಲ ಎಳೆದೇ ಹೊಡೆಯುತ್ತಿದ್ದರು.